ಖಣದ ಗೋಡೆಯ ಮೇಲೆ ನವಿಲುಗಣ್ಣು

ಗುಡೂರಿನಿಂದ ನನ್ನ ನಾದಿನಿ ಬರಿಗೈಯಲ್ಲಿ ಬಂದ ದಿನ ನನಗೆ ನೆನಪಿಲ್ಲ. ಒಮ್ಮೆ ಹಸಿ ಕಡಲೆ ಗಿಡ, ಒಮ್ಮೆ ಗುರೆಳ್ಳು ಹಿಂಡಿ, ಏನೂ ಸಿಗದಿದ್ದರೆ ಊರಿನ ಸುದ್ದಿಯನ್ನಾದರೂ ಹೊತ್ತು ತರುತ್ತಾಳೆ. ಹೋದ ವರ್ಷ ಮಳೆ ಹಿಂದೆ ಸರಿಯುವ ಹೊತ್ತಿಗೆ ಬಂದಾಗ ಅವಳ ಕಂಕುಳಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಉದ್ದನೆಯ ಕಟ್ಟೊಂದು ಇತ್ತು. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಿಟಕಿಯ ಪಕ್ಕ ಊಟದ ಟೇಬಲ್ ಇದೆ. ಅದರ ಮೇಲೆ ಕಟ್ಟನ್ನು ಬಿಚ್ಚಿ ಹರವಿದಳು. ನವಿಲುಗರಿ! ಆ ದಿನಗಳಲ್ಲಿ ನವಿಲುಗಳು ಹೊಲದ ಬದುವಿನ ತುಂಬ ಗರಿ ಉದುರಿಸಿ ಹೋಗುತ್ತವೆ. ಸಜ್ಜೆ ಹೊಲದಿಂದ ಆರಿಸಿಕೊಂಡು ಬಂದಿದ್ದಳು.

"ಬಾಗಲಕ್ಕ ಕಟ್ರಿ ವೈನಿ. ಹಲ್ಲಿ ಬರೂದಿಲ್ಲ."

ಹಲ್ಲಿಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಕಿಟಕಿಯ ಬಿಸಿಲು ಗರಿಗಳ ಮೇಲೆ ಬಿದ್ದಿತ್ತು. ನಾನು ಆ ಕಡೆ ಸರಿದರೆ ನೀಲಿ, ಈ ಕಡೆ ಸರಿದರೆ ಹಸಿರು. ನಡುವೆ ನಿಂತರೆ ಹೆಸರಿಲ್ಲದ ಒಂದು ಬಣ್ಣ. ಟೇಬಲ್ಲಿನ ಸುತ್ತ ನಾನು ಹುಡುಗಿಯ ಹಾಗೆ ಓಡಾಡಿದೆ. ಎಕ್ಸೈಟ್‌ಮೆಂಟ್ ಅಂದರೆ ಎಕ್ಸೈಟ್‌ಮೆಂಟ್, ಅದಕ್ಕೆ ಕನ್ನಡದಲ್ಲಿ ಹಿಗ್ಗು ಎಂಬ ಒಳ್ಳೆಯ ಮಾತಿದೆ, ಆದರೆ ನನ್ನ ಎದೆ ಬಡಿದುಕೊಂಡದ್ದು ಇಂಗ್ಲಿಷಿನಲ್ಲಿ.

"ಏನಾತ್ರಿ? ನೆಲಕ್ಕ ಏನರ ಬಿತ್ತೇನು?" ಎಂದಳು ನಾದಿನಿ.

"ಬಣ್ಣ ಸಿಕ್ತು," ಅಂದೆ. "ನಮ್ಮ ಹುಡುಗಿ ಕುಬುಸಕ್ಕ ಬಣ್ಣ ಸಿಕ್ತು!"

ನಮ್ಮ ಹುಡುಗಿ ಎಂದರೆ ನನ್ನ ಮಗಳ ಮಗಳು. ಬಾದಾಮಿಗೆ ಮದುವೆಯಾಗಿ ಹೋಗಿದ್ದಾಳೆ, ಅಲ್ಲೇ ಸರಕಾರಿ ನೌಕರಿ. ಆಗ ಅವಳಿಗೆ ಏಳನೆಯ ತಿಂಗಳು ಹತ್ತಿರ ಬಂದಿತ್ತು. ನಮ್ಮ ಕಡೆ ಬಸುರಿಗೆ ಮೊದಲು ಕಳ್ಳ ಕುಬುಸ ಮಾಡುತ್ತಾರೆ, ಮನೆಯ ನಾಲ್ಕು ಹೆಂಗಸರು ಸೇರಿ ಸದ್ದಿಲ್ಲದೆ. ಏಳನೆಯದರಲ್ಲಿ ದೊಡ್ಡ ಕುಬುಸ, ಅಂದರೆ ಸೀಮಂತ, ಊರಿಗೆಲ್ಲ ಗೊತ್ತಾಗುವ ಹಾಗೆ. ಎರಡರಲ್ಲೂ ಹಸಿರು ಸೀರೆ, ಹಸಿರು ಬಳೆ, ಕುಪ್ಪಸಕ್ಕೆ ಖಣ. ಅದಕ್ಕೂ ಮುಂಚಿನ ವರ್ಷ ಹುಡುಗಿ ಮೊದಲ ಸಲ ಬಸುರಿಯಾದಾಗ ಕಳ್ಳ ಕುಬುಸ ಮಾಡಿದೆವು. ಹಸಿರು ಸೀರೆಯ ಮಡಿಕೆ ಇನ್ನೂ ಮುರಿದಿರಲಿಲ್ಲ, ಕೂಸು ಹೋಯಿತು. ದವಾಖಾನೆಯಲ್ಲಿ ಅವಳು ಅಳಲಿಲ್ಲ. ಬಳೆಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟಳು, ಅಷ್ಟೇ.

ಈ ಸಲ ಅವಳದು ಒಂದೇ ಮಾತು. "ಏನೂ ಮಾಡಬ್ಯಾಡ್ರಿ. ಹಸರಂತೂ ನನ್ನ ಮುಂದ ತರಬ್ಯಾಡ್ರಿ." ಕಳ್ಳ ಕುಬುಸ ಆಗಲಿಲ್ಲ. ಕೂಸು ಹುಟ್ಟಿದ ಮೇಲೆ ಎಂಬ ಮಾತು ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ. ನಾವು ಯಾರಾದರೂ ಅಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಇತ್ತ ಅವಳ ಅತ್ತೆ, ನಮ್ಮ ಬೀಗತಿ, ಹಟ ಹಿಡಿದಿದ್ದರು: ಹಸಿರು ಸೀರೆ ಉಡಿಸದ ಕುಬುಸ ಕುಬುಸವೇ ಅಲ್ಲ, ಕುಬುಸ ಆಗದ ಬಸುರಿ ಹೊಸ್ತಿಲು ದಾಟಿ ಹೆರಿಗೆಗೆ ಹೋಗಕೂಡದು. ಇಬ್ಬರ ನಡುವೆ ನನ್ನ ಮಗಳು. ಬಾಗಲಕೋಟೆಯ ನವನಗರದಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ಇಡೀ ಶಾಲೆಯನ್ನು ಹುಬ್ಬಿನಲ್ಲೇ ನಡೆಸುವವಳು, ಈ ವಿಷಯ ಬಂದರೆ ಫೋನಿನಲ್ಲಿ ಸುಮ್ಮನೆ ಉಸಿರಾಡುತ್ತಿದ್ದಳು.

ನನಗೆ ಹುಡುಗಿ ಒಂದು ದಿನ ನಗುತ್ತ ಕೂಡಬೇಕಾಗಿತ್ತು. ಅವಳ ಸಲುವಾಗಿ, ಒಳಗಿರುವ ಕೂಸಿನ ಸಲುವಾಗಿ. ಬಸುರಿನ ತಿಂಗಳುಗಳೆಲ್ಲ ಹೆದರಿಕೆಯಲ್ಲೇ ಕಳೆದು ಹೋಗಬಾರದು. ಹಸಿರು ಇರಬೇಕು, ಹಸಿರು ಕಾಣಬಾರದು. ಅದಕ್ಕೆ ನವಿಲಿಗಿಂತ ಒಳ್ಳೆಯ ವಕೀಲ ಎಲ್ಲಿ ಸಿಗಬೇಕು?

ಹುಡುಗಿಗೆ ಫೋನ್ ಮಾಡಿ, ನವಿಲಿನ ಬಣ್ಣದಲ್ಲಿ ಕುಬುಸ ಮಾಡೋಣ ಎಂದೆ.

"ಆಯಿ, ನವಿಲಿನ ಬಣ್ಣ ಅಂದ್ರ ಹಸರ ಅಲ್ಲೇನು?"

"ಹಂಗಂತ ಯಾರ್ ಹೇಳಿದ್ರು ನಿನಗ? ಅದು ಪೀಕಾಕ್. ಅದರ ಹೆಸರ ಬ್ಯಾರೆ."

"ಇಂಗ್ಲಿಷಿನ್ಯಾಗ ಹೇಳಿದ್ರ ಬಣ್ಣ ಬದಲಾಗ್ತದೇನು?"

"ಭಾಳ ಸಲ ಆಗ್ತದ," ಅಂದೆ. ಆ ಕಡೆಯಿಂದ ಸಣ್ಣ ನಗು ಬಂದ ಹಾಗಾಯಿತು. ಆಮೇಲೆ ಅವಳು ಹೇಳಿದ್ದು: "ಹಿಂದಿನ ದಿನ ಬರ್ತೇನಿ. ನೋಡ್ತೇನಿ. ನೋಡಿ ಮನಸಿಗೆ ಬರಲಿಲ್ಲ ಅಂದ್ರ ಹೊಳ್ಳಿ ಹೋಗ್ತೇನಿ. ನನಗ ಯಾರೂ ಏನೂ ಅನಬಾರದು."

ಅಷ್ಟು ಸಾಕಾಗಿತ್ತು ನನಗೆ.

ಗರಿಗಳನ್ನು ಮಾತ್ರ ನಾನು ಮನೆಯೊಳಗೆ ಇಡಲಿಲ್ಲ. ಇದನ್ನು ಕೇಳಿ ನಾದಿನಿ ಬಿದ್ದು ಬಿದ್ದು ನಕ್ಕಳು. ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಮಂಚದ ಹುಡುಗಿ ಒಂದು ನವಿಲುಗರಿಯನ್ನು ದಿಂಬಿನ ಹತ್ತಿರ ಸಿಕ್ಕಿಸಿಕೊಂಡಿದ್ದಳು. ದೂರದ ದೇಶದಿಂದ ಬಂದ ವಯಸ್ಸಾದ ಸಿಸ್ಟರ್ ಒಬ್ಬರು ಅದನ್ನು ಕಂಡದ್ದೇ ಕರ್ಚೀಫಿನಿಂದ ಹಿಡಿದು ಕಂಪೌಂಡಿನ ಆಚೆ ಎಸೆದುಬಂದರು. "ಈವಿಲ್ ಐ, ಚೈಲ್ಡ್! ನೆವರ್ ಇನ್‌ಡೋರ್ಸ್!" ಗರಿಯ ಮೇಲಿರುವುದು ಕೆಟ್ಟ ಕಣ್ಣು, ಸೂರಿನ ಕೆಳಗೆ ಬರಬಾರದು. ನಮ್ಮ ಮನೆಯಲ್ಲಿ ಅದೇ ಗರಿ ದೇವರ ಜಗಲಿಯ ಮೇಲೆ ಇರುತ್ತಿತ್ತು. ಆ ವಯಸ್ಸಿನಲ್ಲಿ ಕಿವಿಗೆ ಬಿದ್ದ ಹೆದರಿಕೆ ಹೋಗುವುದಿಲ್ಲ, ಬೇರೆಯವರ ದೇಶದ್ದಾದರೂ ಸರಿ. ನನ್ನ ಪಾಡಿಗಾದರೆ ಪರವಾಗಿರಲಿಲ್ಲ. ಬಸುರಿ ಹುಡುಗಿಯ ವಿಷಯದಲ್ಲಿ ಎರಡೂ ಕಡೆಯ ದೇವರನ್ನು ಸಮಾಧಾನದಿಂದ ಇಡುವುದು ಒಳ್ಳೆಯದು. ಹಾಗಾಗಿ ತೀರ್ಮಾನ ಮಾಡಿದೆ: ಗರಿ ಬೇಡ, ಗರಿಯ ಕಲರ್ ಸ್ಕೀಮ್ ಮಾತ್ರ.

ಮೊದಲು ಹುನಗುಂದದಿಂದ ಡೆಕೋರೇಷನ್‌ನವನನ್ನು ಕರೆಸಿದೆ. ಮೊಬೈಲಿನಲ್ಲಿ ಫೋಟೊ ತೋರಿಸಿದ. ಥರ್ಮೊಕೋಲಿನ ನವಿಲು, ಆಳೆತ್ತರ, ಕೊರಳಿಗೆ ಗ್ಲಿಟರ್.

"ಪೀಕಾಕ್ ಥೀಮ್ ಭಾಳ ಓಡ್ತೈತ್ರಿ ಮೇಡಂ. ಸ್ವಿಚ್ ಹಾಕಿದ್ರ ಪುಚ್ಚ ಮಿಣುಕ್ ಮಿಣುಕ್ ಅಂತೈತಿ. ಬೇಕಂದ್ರ ಕೂಗಸ್ತೀನ್ರಿ."

"ಯಾರನ್ನ?"

"ನವಿಲನ್ರಿ."

ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ನಾನು ಅವನಿಗೆ ಚಹಾ ಕೊಟ್ಟು ಕಳಿಸಿದೆ.

ಅವನು ಹೋದ ಮೇಲೆ ಪಡಸಾಲೆಯ ಗೋಡೆಯನ್ನು ನೋಡುತ್ತ ಕೂತೆ. ಸುಣ್ಣದ ಗೋಡೆ, ಉದ್ದಕ್ಕೂ ಖಾಲಿ. ಆರತಿ ಮಾಡುವುದು ಮುತ್ತೈದೆಯರ ಕೆಲಸ. ನಮ್ಮ ಯಜಮಾನರೂ ನಾದಿನಿಯ ಗಂಡನೂ ಹೋದ ಮೇಲೆ ಇಂಥ ದಿನಗಳಲ್ಲಿ ನಾನೂ ನಾದಿನಿಯೂ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡುವವರು. ಯಾರೂ ಹೇಳಬೇಕಿಲ್ಲ, ಕಾಲು ತಾನೇ ಅಲ್ಲಿ ಹೋಗಿ ನಿಲ್ಲುತ್ತದೆ. ಆದರೆ ಗೋಡೆಗೆ ಕೈ ಹಚ್ಚಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲವಲ್ಲ! ಗೋಡೆ ನನ್ನದು ಅಂದುಕೊಂಡೆ. ತಲೆಗೆ ಬಂದದ್ದು ಒಳಗಿನ ಟ್ರಂಕು.

ನಮ್ಮ ಸೀಮೆಯ ಯಾವ ಮನೆಯಲ್ಲಾದರೂ ಈ ಟ್ರಂಕು ಇದ್ದೇ ಇರುತ್ತದೆ. ಮನೆಗೆ ಬಂದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಜೊತೆಗೆ ಒಂದು ಗುಳೇದಗುಡ್ಡದ ಖಣ. ಆ ಖಣವನ್ನು ಹೊಲಿಸಿ ತೊಡುವವರು ಕಡಿಮೆ. ಮಡಿಕೆ ಕೆಡದ ಹಾಗೆ ಟ್ರಂಕಿನಲ್ಲಿಟ್ಟು, ಮುಂದಿನ ಸಲ ಇನ್ನೊಬ್ಬರ ಉಡಿಗೆ ಹಾಕುವುದು. ಅವರು ಮತ್ತೊಬ್ಬರಿಗೆ. ಹೀಗೆ ಖಣ ಊರೂರು ತಿರುಗುತ್ತದೆ, ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಾನು ಟೀಚರ್ ಆಗಿ ಬಾದಾಮಿ, ಬಾಗಲಕೋಟೆ, ಹುನಗುಂದ ಎಂದು ಅಲೆದವಳು. ಶಿಷ್ಯೆಯರ ಮದುವೆ, ಅವರ ಮಕ್ಕಳ ಮದುವೆ. ವಿಧವೆಯಾದ ಮೇಲೂ ಟೀಚರ್ ಎಂದು ಕೈಯಲ್ಲಿ ಖಣ ಇಟ್ಟು ನಮಸ್ಕಾರ ಮಾಡಿದವರು ಎಷ್ಟೋ ಜನ. ಟ್ರಂಕು ತುಂಬಿ, ಮುಚ್ಚಳದ ಮೇಲೆ ಹಾಸಿಗೆ ಹೇರಿದರೇ ಚಿಲಕ ಬೀಳುತ್ತಿತ್ತು.

ತೆಗೆದು ನೆಲದ ಮೇಲೆ ಸುರಿದೆವು. ನುಸಿಗುಳಿಗೆಯ ವಾಸನೆ, ರೇಷ್ಮೆಯ ಸರಬರ. ಅಯ್ಯೋ, ಎಂಥ ನೀಲಿಗಳು! ನಾದಿನಿ ಬಣ್ಣ ಬಣ್ಣದ ಗುಂಪು ಮಾಡಿದಳು, ನಾನು ನೀಲಿ ಮತ್ತು ಹಸಿರುನೀಲಿಗಳನ್ನು ಮಾತ್ರ ಬಾಚಿಕೊಂಡೆ. ಹಳೆಯ ಜಮಖಾನೆಯೊಂದನ್ನು ಗೋಡೆಗೆ ಬಿಗಿದು ಅದರ ಮೇಲೆ ಗುಂಡುಸೂಜಿಯಿಂದ ಖಣಗಳನ್ನು ಚುಚ್ಚುತ್ತ ಹೋದೆವು. ಅಂಚಿಗೆ ಅಂಚು, ಗೋಡೆಯ ತುಂಬ ನವಿಲುನೀಲಿ. ಕುರ್ಚಿಗೆ ಅದೇ ಬಣ್ಣದ ಹೊದಿಕೆ. ಪರದೆಗಳಿಗೂ ಅದೇ. ಹುಡುಗಿಗೆಂದು ನಾನು ತಂದಿಟ್ಟ ಇಳಕಲ್ ಸೀರೆಯ ಮೈಯೂ ಅದೇ. ಟೋಟಲ್ ಹಾರ್ಮನಿ ಎಂದು ನನ್ನನ್ನು ನಾನೇ ಹೊಗಳಿಕೊಂಡೆ.

"ಕೂಡು, ನೋಡೋಣು," ಎಂದು ನಾದಿನಿಗೆ ಆ ಸೀರೆ ಹೊದಿಸಿ ಕುರ್ಚಿಯಲ್ಲಿ ಕೂಡಿಸಿದೆ. ಬಾಗಿಲ ತನಕ ಹಿಂದೆ ಸರಿದು ನೋಡಿದೆ.

ಅವಳು ಇರಲಿಲ್ಲ. ಗೋಡೆಯೊಳಗೆ ಸೇರಿಹೋಗಿದ್ದಳು. ಮುಖ ಒಂದೇ, ಮೂಗುಬೊಟ್ಟಿನ ಸಮೇತ, ಕೆರೆಯಲ್ಲಿ ಬಿಟ್ಟ ಸೋರೆಬುರುಡೆಯ ಹಾಗೆ ತೇಲುತ್ತಿತ್ತು.

"ಹೆಂಗ ಕಾಣ್ತೇನಿ?"

"ಕಾಣವಲ್ಲಿ."

"ಏನ್ರಿ ವೈನಿ, ಇಷ್ಟ ದಪ್ಪ ಹೆಂಗಸನ್ನ ಮಾಯ ಮಾಡಿದ್ರೆಲ್ಲ! ನನ್ನ ಗಂಡಗ ಈ ವಿದ್ಯಾ ಮೊದಲ ಗೊತ್ತಿದ್ರ ಅಂವ ಎಷ್ಟ್ ಸುಖದಾಗ ಇರ್ತಿದ್ದ!"

ನಕ್ಕೆವು, ಆದರೆ ಒಳಗೊಳಗೆ ನನಗೆ ಕಸಿವಿಸಿ. ಹುಡುಗಿ ಎದ್ದು ಕಾಣಬೇಕೆಂದು ಮಾಡಿದ ಗೋಡೆ ಅವಳನ್ನೇ ನುಂಗಿಬಿಟ್ಟರೆ?

ಅದರ ಮರುದಿನ ಬಾದಾಮಿಗೆ ಹೋಗುವುದಿತ್ತು, ಬೀಗತಿಯನ್ನು ಒಪ್ಪಿಸಲು. ಅವರದು ಬೀರಪ್ಪನಿಗೆ ನಡೆದುಕೊಳ್ಳುವ ಮನೆ. ಹಣೆಯ ಮೇಲೆ ಬೆಳಿಗ್ಗೆ ಹಚ್ಚಿದ ಭಂಡಾರದ ಅರಿಸಿನ ಸಂಜೆಯ ತನಕ ಹಳದಿ ಹಳದಿಯಾಗಿ ಇರುತ್ತದೆ. ಮನೆಯ ಹಿಂದೆ ಕುರಿಹಟ್ಟಿ, ಅದರ ಹಿಂದೆ ನೇರವಾಗಿ ಕೆಂಪು ಬಂಡೆ. ಬೀಗತಿ ಹಟ್ಟಿಯಲ್ಲಿ ಮರಿಗಳಿಗೆ ಸೊಪ್ಪು ಹಾಕುತ್ತಿದ್ದರು.

"ಬರ್ರಿ ಬರ್ರಿ ಟೀಚರ್. ಕುರಿ ವಾಸನಿ ನಡೀತದಿಲ್ಲೋ ನಿಮಗ?"

"ಸಾಲಿ ಹುಡುಗರ ವಾಸನಿ ಕುಡದಾಕಿ ನಾನು. ಕುರಿ ಯಾವ ಲೆಕ್ಕ?"

ಹಸಿರು ಸೀರೆಯ ಮಾತು ತೆಗೆದೆ. ಬೀಗತಿಯ ಮುಖ ಬಿಗಿಯಿತು. "ಸೀರಿ ತಂದು ಬೀರಪ್ಪನ ಮುಂದ ಇಟ್ಟಾಗೇತಿ. ಇಟ್ಟದ್ದನ್ನ ಹೊಳ್ಳಿ ಒಯ್ಯಂಗಿಲ್ಲ. ನನಗೂ ಎದಿ ಐತ್ರಿ ಬೀಗತಿ. ಹೋದ ಸಲ ಅಕಿ ಅತ್ತಿಲ್ಲ ಅಂತ ನಾನೂ ಅತ್ತಿಲ್ಲ. ಕುರಿ ಹಟ್ಟ್ಯಾಗ ಅತ್ತೇನಿ, ಇವುಕಷ್ಟ ಗೊತ್ತು."

ನಾನು ಉತ್ತರ ಕೊಡಬೇಕಿತ್ತು. ಆದರೆ ಅವರನ್ನು ನೋಡುತ್ತ ಬಾಯಿ ತೆರೆದು ನಿಂತೆ. ಬೀಗತಿ ಉಟ್ಟದ್ದು ಮಾಸಿದ ಹಸಿರು ಸೀರೆ, ಕೊರಳಲ್ಲಿ ನೀಲಿ ಮಣಿಯ ಸರ. ಹಿಂದೆ ಬೆಳಗಿನ ಬಿಸಿಲಿಗೆ ತಾಮ್ರದ ಹಾಗೆ ಕಾದ ಬಂಡೆ. ಆ ಬಂಡೆಯ ಮುಂದೆ ಮಾಸಿದ ಹಸಿರು ಈಗಷ್ಟೇ ಬಣ್ಣದ ಹಂಡೆಯಿಂದ ತೆಗೆದ ಹಾಗೆ ಹೊಳೆಯುತ್ತಿತ್ತು!

"ಏನ್ ನೋಡ್ತೀರಿ?"

"ಹಂಗ ನಿಂದರ್ರಿ. ಅಲುಗಾಡಬ್ಯಾಡ್ರಿ."

"ಯಾಕ್ರೀ, ಹಾವೈತೇನು?" ಎಂದು ಅವರು ಕಿರುಚಿದ್ದಕ್ಕೆ ಕುರಿಗಳೆಲ್ಲ ದಿಕ್ಕಾಪಾಲಾದವು.

ಬೀಗತಿಯನ್ನು ಒಪ್ಪಿಸಲಾಗದೆ ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಹಿತ್ತಲ ಜೋಪಡಿಯಲ್ಲಿಟ್ಟ ಗರಿಯನ್ನು ಬಿಸಿಲಿಗೆ ಹಿಡಿದೆ. ಸರಿಯಾಗಿ ನೋಡಿದ್ದು ಆಗಲೇ. ನೀಲಿ ಎಷ್ಟಿದೆ ಅದರಲ್ಲಿ? ನಡುವೆ ಒಂದು ಬೊಟ್ಟು, ದೌತಿಯ ತಳದ ಮಸಿಯಂಥದು. ಅದರ ಅಂಚಿಗೆ ಟರ್ಕಾಯಿಸ್. ಆಮೇಲೆ ಸುತ್ತಲೂ ಧಾರಾಳವಾಗಿ ತಾಮ್ರ, ಹುಣಸೆಹಣ್ಣು ಹಚ್ಚಿ ಬೆಳಗಿದ ತಂಬಿಗೆಯ ಬಣ್ಣ. ಅದರ ಆಚೆ ಬಂಗಾರ ಬೆರೆತ ಹಸಿರಿನ ತೆಳ್ಳನೆಯ ಗೆರೆಗಳು. ನಾವು ನವಿಲುನೀಲಿ ಎಂದು ಕುಣಿಯುತ್ತೇವೆ, ಆ ನೀಲಿಯನ್ನು ಎತ್ತಿ ಹಿಡಿದದ್ದು ಯಾರೂ ಹೆಸರು ಹೇಳದ ಆ ಕಂದು. ಇಟ್ಸ್ ಆಲ್ ಪ್ರೊಪೋರ್ಷನ್, ಮೈ ಡಿಯರ್!

ಗೋಡೆಯ ನೀಲಿಯನ್ನೆಲ್ಲ ಬಿಚ್ಚಿದೆವು. ನಾದಿನಿ ನನ್ನನ್ನು ಶಪಿಸುತ್ತ, ಬಾಯಲ್ಲಿ ಸೂಜಿ ಕಚ್ಚಿಕೊಂಡು. ಮೊದಲು ನಾನು ಬದಿಗೆ ಸರಿಸಿದ್ದ ಕಂದು, ಇಟ್ಟಂಗಿ, ಗೇರುಬೀಜದ ಬಣ್ಣ, ಬೆಲ್ಲದ ಬಣ್ಣದ ಖಣಗಳೇ ಈಗ ಗೋಡೆಯ ಮುಕ್ಕಾಲು ಭಾಗ. ಕುರ್ಚಿಯ ಹಿಂದೆ, ತಲೆಯ ಮಟ್ಟಕ್ಕೆ ಸರಿಯಾಗಿ ಕಡುನೀಲಿ, ಅದರ ಸುತ್ತ ಟರ್ಕಾಯಿಸ್ ಬಳೆ. ಹೊರಗಿನ ಅಂಚಿಗೆ ಅಲ್ಲಲ್ಲಿ ಬಂಗಾರದ ಎಳೆಯ ಹಸಿರು, ಅದೂ ಕಂಡೂ ಕಾಣದ ಹಾಗೆ. ಈಗ ನಾದಿನಿಯನ್ನು ಕೂಡಿಸಿದರೆ, ಅಬ್ಬಾ, ರಾಣಿ!

"ಮುಗೀತಿಲ್ಲೋ? ಇನ್ನ ಮಾಯ ಮಾಡೂದಿಲ್ಲಲ್ಲ?" ಎಂದಳು ರಾಣಿ.

ಇಷ್ಟು ಹಿಗ್ಗಿನಲ್ಲಿ ಒಂದು ವಿಷಯ ನನ್ನ ತಲೆಗೆ ಹೋಗಿರಲಿಲ್ಲ. ಕುಬುಸದ ಹಿಂದಿನ ದಿನ ಓಣಿಯ ಹೆಂಗಸರು ಹೋಳಿಗೆ ಹೂರಣ ರುಬ್ಬಲು ಬಂದರು. ಗೋಡೆಯನ್ನು ಕಂಡು ಎಲ್ಲರೂ "ಯವ್ವಾ!" ಎಂದರು. ನಾನು ಉಬ್ಬಿದೆ. ಆಮೇಲೆ ಎದುರು ಮನೆಯಾಕೆ ಹತ್ತಿರ ಹೋಗಿ, ಕತ್ತು ವಾರೆ ಮಾಡಿ ನಿಂತಳು.

"ಟೀಚರ್, ಈ ಬೆಲ್ಲದ ಬಣ್ಣದ್ದು ನಾ ಕೊಟ್ಟದ್ದಲ್ಲೇನ್ರಿ? ನನ್ನ ಮಗನ ಲಗ್ನದಾಗ?"

"ಹೌದವಾ. ಅದಕ್ಕ ಜ್ವಾಕಿಯಿಂದ ಇಟ್ಟೀನಿ."

"ಇದ ನಮೂನಿದ ನನ್ನ ತಂಗಿಗೂ ಕೊಟ್ಟಿದ್ನಿ, ಅದೂ ಇಲ್ಲೈತೆಲ್ಲ!"

ಅಷ್ಟು ಸಾಕಾಯಿತು. ಹೂರಣ ಬಿಟ್ಟು ಎಲ್ಲರೂ ಗೋಡೆಗೆ ಮುಗಿಬಿದ್ದರು. ಊರಲ್ಲಿ ಯಾರೂ ಬಾಯಿ ಬಿಡದ ವ್ಯವಹಾರವನ್ನು ನಾನು ಸೂಜಿ ಚುಚ್ಚಿ ಬಿಸಿಲಿಗೆ ಹಾಕಿದ್ದೆ. "ಇದು ನಮ್ಮತ್ತಿದು!" "ನಿಮ್ಮತ್ತಿಗೆ ನಾ ಕೊಟ್ಟದ್ದು!" "ಅಂದ್ರ ಅಕಿ ಹೊಲಿಸೇನಿ ಅಂದದ್ದು ಸುಳ್ಳು!" ಒಬ್ಬಾಕೆ ಅಂತೂ ಒಂದು ಖಣವನ್ನು ತನಗೆ ಕೊಟ್ಟವರು ಯಾರು, ತಾನು ಕೊಟ್ಟದ್ದು ಯಾರಿಗೆ ಎಂದು ಬಿಡಿಸುತ್ತ ಬಿಡಿಸುತ್ತ ಕೊನೆಗೆ ಅದನ್ನು ಮೊದಲು ಕೊಂಡವಳು ತಾನೇ ಎಂದು ಕಂಡುಹಿಡಿದಳು. ನಾದಿನಿ ಕಟ್ಟೆಯ ಮೇಲೆ ಕೂತು ಕಣ್ಣೀರು ಒರೆಸಿಕೊಳ್ಳುತ್ತ ನಗುತ್ತಿದ್ದಳು. ನನಗೆ ನೆಲ ಬಿರಿಯಬಾರದೇ ಅನಿಸಿತು.

ಆ ಗದ್ದಲದಲ್ಲೇ ಹೊರಗೆ ಕಾರು ನಿಂತಿತು. ನನ್ನ ಮಗಳು ಬಾದಾಮಿಗೆ ಹೋಗಿ ಹುಡುಗಿಯನ್ನು ಕರೆತಂದಿದ್ದಳು.

ಹೆಂಗಸರು ಗೋಡೆಯಿಂದ ಹಿಂದೆ ಸರಿದರು. ಹುಡುಗಿ ಹೊಸ್ತಿಲಲ್ಲೇ ನಿಂತು ಗೋಡೆಯನ್ನು ನೋಡಿದಳು. ನಾನು ಅವಳ ಮುಖ ನೋಡಿದೆ. ಮಗಳು ನನ್ನ ಮುಖ ನೋಡಿದಳು, ಹೊಳ್ಳಿ ಹೋಗುವ ಹಾಗಿದ್ದರೆ ಕಾರು ಇನ್ನೂ ಚಾಲೂ ಇದೆ ಎನ್ನುವ ಹಾಗೆ.

"ಚಂದ ಐತಿ ಆಯಿ," ಅಂದಳು. ಒಳಗೆ ಬಂದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಿಂದ ಖಣಗಳನ್ನು ಸವರುತ್ತ ಗೋಡೆಯ ಉದ್ದಕ್ಕೂ ನಡೆದಳು. ನಾನು ಉಸಿರು ಬಿಡುವಷ್ಟರಲ್ಲಿ ಅಂಚಿನ ಒಂದು ಖಣದ ಮೇಲೆ ಅವಳ ಕೈ ನಿಂತಿತು. ಬಂಗಾರದ ಎಳೆಯ ಹಸಿರು. ಅದರ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಹಳದಿ ಕಲೆ.

ಭಂಡಾರದ ಕಲೆ. ಬೀಗತಿ ಏನು ಕೊಟ್ಟರೂ ಬೀರಪ್ಪನ ಭಂಡಾರ ಮುಟ್ಟಿಸಿಯೇ ಕೊಡುತ್ತಾರೆ. ಹೋದ ಸಲದ ಕಳ್ಳ ಕುಬುಸದಲ್ಲಿ ಕೊಟ್ಟ ಖಣ ಅದು. ದವಾಖಾನೆಯಿಂದ ಬಂದ ಮೇಲೆ ಆ ದಿನದ ಬಟ್ಟೆಬರೆಯನ್ನೆಲ್ಲ ಮಗಳು ಗಂಟು ಕಟ್ಟಿ ಇಳಕಲ್ಲಿಗೆ ಕಳಿಸಿದ್ದಳು. ನಾನು ಬಿಚ್ಚಿ ನೋಡುವ ಮನಸ್ಸಿಲ್ಲದೆ ಟ್ರಂಕಿಗೆ ಹಾಕಿದ್ದೆ. ಸುರಿದಾಗ ಎಲ್ಲ ಕಲೆತುಹೋಗಿದೆ. ನನ್ನ ಈ ಕೈಯಿಂದಲೇ ಅದನ್ನು ಗೋಡೆಗೆ ಚುಚ್ಚಿದ್ದೇನೆ!

"ತಗೀತೀನಿ, ಈಗ ತಗೀತೀನಿ ಪುಟ್ಟಾ," ಎಂದು ಮುಂದೆ ಓಡಿದೆ. "ಐ ಆಮ್ ಸೋ ಸಾರಿ. ನನಗ ಗೊತ್ತಾಗಲಿಲ್ಲ..."

"ಇದು ಇಲ್ಲಿ ಇತ್ತಾ?" ಅವಳ ದನಿ ಸಣ್ಣದಾಗಿತ್ತು. "ಇದನ್ನ ನಾ ಎಷ್ಟ್ ಹುಡುಕೀನಿ ಗೊತ್ತೇನು ಆಯಿ? ಬಾದಾಮಿ ಮನಿ ಎಲ್ಲಾ ಹುಡುಕೀನಿ. ಕೇಳಾಕ ಆಗಲಿಲ್ಲ ಯಾರನ್ನೂ."

"ಹಸರು ಬ್ಯಾಡ ಅಂದಿದ್ದೆಲ್ಲ..."

"ಹೊಸಾ ಹಸರು ಬ್ಯಾಡ ಅಂದಿದ್ನಿ." ಖಣದ ಮೇಲಿನ ಕೈ ತೆಗೆಯದೆ ಅವಳು ಹೇಳಿದಳು. "ಅದಕ್ಕಂತ ಬಂದದ್ದು ಇದು. ಆ ಕೂಸಿಗೆ. ನೀವೆಲ್ಲಾ ಲಗೂ ಲಗೂ ಎಲ್ಲಾ ಎತ್ತಿಟ್ರಿ. ನಡದ ಇಲ್ಲ ಅನ್ನೂವಂಗ. ಈಗ ಮತ್ತ ಹೊಸಾದು ಉಡಿಸಿದ್ರ, ನಾನೂ ನಿಮ್ಮ ಜೋಡಿ ಮರತಂಗ ಆಗ್ತದಲ್ಲ."

ಆಗ ಅತ್ತಳು. ಒಂದು ವರ್ಷದಿಂದ ನಾವೆಲ್ಲ ಕಾಯುತ್ತಿದ್ದ ಅಳು. ಮಗಳು, ಹುಬ್ಬಿನ ಹೆಡ್‌ಮಿಸ್ಟ್ರೆಸ್, ಅವಳನ್ನು ಹಿಡಿದುಕೊಂಡು ತಾನೂ ಅತ್ತಳು. ಓಣಿಯ ಹೆಂಗಸರು ಯಾರ ಖಣ ಯಾರದೆಂಬುದನ್ನು ಬಿಟ್ಟು ಮೂಗು ಒರೆಸಿಕೊಂಡರು. ನಾನು ಅವಳ ಕಣ್ಣಿಗೆ ಹಸಿರು ಬೀಳದ ಹಾಗೆ ಇಡೀ ಗೋಡೆಯನ್ನು ಹೂಡಿದ್ದೆ. ಅವಳು ಹುಡುಕುತ್ತಿದ್ದದ್ದು ಅದೇ ಹಸಿರನ್ನು.

ಸೂಜಿ ಬಿಚ್ಚಿ ಖಣ ಕೈಗೆ ತೆಗೆದುಕೊಂಡು ಹುಡುಗಿ ನಾದಿನಿಯ ಕಡೆ ತಿರುಗಿದಳು. "ಗುಡೂರ ಆಯಿ, ಹೊಲೀತೀರೇನು? ನಾಳಿಗೆ ಇದನ್ನ ತೊಡ್ತೇನಿ."

"ಹೊಲಿಯಾಕೇನು, ಹೊಲೀತೇನಿ," ಎಂದಳು ನಾದಿನಿ, ಕಣ್ಣು ಒರೆಸಿಕೊಳ್ಳುತ್ತ. "ಬಸರಿ ಅಳತಿ ತೊಗೋಬೇಕಾ, ಬಾಣಂತಿ ಅಳತಿನೋ? ಸಡ್ಲ ಬಿಡ್ತೇನಿ ತಡಿ. ನಮ್ಮ ಮನಿತನದ ಎದಿ ಹಾಲು ಬಂದಮ್ಯಾಲ ಯಾರ ಮಾತೂ ಕೇಳಂಗಿಲ್ಲ."

ಅಳುವಿನ ನಡುವೆಯೇ ನಗು ಉಕ್ಕಿತು. ಪಕ್ಕದ ಮನೆಯಿಂದ ಮಷಿನ್ ಬಂತು. ಬಿಸಿಲು ಇಳಿಯುವ ಮೊದಲು ಕುಪ್ಪಸ ಮುಗಿದಿತ್ತು. ಭಂಡಾರದ ಕಲೆ ಎಡ ತೋಳಿನ ಮೇಲೆ ಬರುವ ಹಾಗೆ ಹುಡುಗಿಯೇ ಹೇಳಿ ಕತ್ತರಿ ಹಾಕಿಸಿದಳು.

ಮರುದಿನ ಬೀಗತಿ ಬಂದರು, ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಹಸಿರು ಸೀರೆಯ ಪೊಟ್ಟಣ, ಮುಖದಲ್ಲಿ ಜಗಳದ ಸಿದ್ಧತೆ. ಹುಡುಗಿ ಎದುರು ಹೋಗಿ ಕಾಲು ಮುಟ್ಟಿದಳು. ಬೀಗತಿಯ ಕಣ್ಣು ತೋಳಿನ ಮೇಲೆ ಬಿತ್ತು. ಬುಟ್ಟಿಯನ್ನು ಇಳಿಸುವುದೇ ಮರೆತು ನಿಂತರು.

"ಇದು..."

"ಹೂಂರಿ ಅತ್ತಿ. ನೀವ ಕೊಟ್ಟದ್ದು."

ಬೀಗತಿ ಬುಟ್ಟಿ ಇಳಿಸಿದರು. ತೋಳಿನ ಹೊಲಿಗೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು, ಅಂಗಡಿಯಲ್ಲಿ ನೋಡುವ ಹಾಗೆ. "ಅಳತಿ ಬರೋಬ್ಬರಿ ಐತಿ," ಅಂದರು. ಆಮೇಲೆ ಪೊಟ್ಟಣ ಮುಂದೆ ಮಾಡಿ, ದನಿಯನ್ನು ಬೇಕೆಂದೇ ಒರಟು ಮಾಡಿಕೊಂಡು, "ಇದಕ್ಕ ಒಲ್ಲೆ ಅಂದಿ ಅಂದ್ರ ನಾ ಹಿಂಗ ಬಸ್ ಸ್ಟ್ಯಾಂಡಿಗೆ ಹೊಂಟೆ," ಎಂದರು.

"ಕೊಡ್ರಿ ಇಲ್ಲೆ. ಈ ಕುಪ್ಪಸದ ಜೋಡಿ ಬರ್ತೈತೋ ಇಲ್ಲೋ ನೋಡೋಣು."

ಬಂತು. ಎಷ್ಟು ಚಂದ ಬಂತೆಂದರೆ, ತಾಮ್ರದ ಗೋಡೆಯ ಮುಂದೆ ಹಳೆಯ ಹಸಿರು ಹೊಸ ಹಸಿರು ಎರಡೂ ಕೂಡಿ, ತಲೆಯ ಹಿಂದೆ ಕಡುನೀಲಿ ಕಣ್ಣು. ಅಡುಗೆ ಮನೆಯ ಬಾಗಿಲಿಗೆ ಒರಗಿ ನಿಂತಿದ್ದ ನನಗೆ ಚಷ್ಮಾ ತೆಗೆದು ಒರೆಸಿ ಒರೆಸಿ ಹಾಕಿಕೊಳ್ಳುವುದೇ ಕೆಲಸವಾಯಿತು. ನಾನು ತಂದ ಇಳಕಲ್ ಸೀರೆಯನ್ನು ಯಾರೂ ಕೇಳಲಿಲ್ಲ, ನನಗೂ ಅದರ ನೆನಪಾದದ್ದು ಎಲ್ಲ ಮುಗಿದ ಮೇಲೆ. ಆರತಿಗೆ ಅಣಿ ಮಾಡುತ್ತ ಹೆಂಗಸರು ಹಾಡಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಹುಡುಗಿ ಕುರ್ಚಿಯಲ್ಲೇ ಹಿಂದೆ ತಿರುಗಿ ಗೋಡೆಯನ್ನು ನೋಡಿದಳು.

"ಆಯಿ," ಎಂದು ಕೂಗಿದಳು, "ಕೂಸಿನ ಖೋಲಿಗೆ ಯಾವ ಬಣ್ಣ ಹಚ್ಚೋಣು?"

ಪಡಸಾಲೆಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಆಮೇಲೆ ಎಲ್ಲರೂ ಒಮ್ಮೆಲೇ.

"ಹಳದಿ!" ಎಂದರು ಬೀಗತಿ. "ಭಂಡಾರದ ಹಳದಿ, ಮತ್ಯಾವುದು?"

"ಆಫ್ ವೈಟ್ ಸೇಫ್," ಎಂದಳು ನನ್ನ ಮಗಳು.

"ಕೂಸು ಉಚ್ಚಿ ಹೊಯ್ದದ್ದು ಕಾಣದಂಥ ಬಣ್ಣ ಹಚ್ಚರಿ," ಎಂದಳು ನಾದಿನಿ.

"ಎಲ್ಲರೂ ಸುಮ್ಮನಿರ್ರಿ," ಎಂದು ನಾನು ಬಾಗಿಲು ಬಿಟ್ಟು ಪಡಸಾಲೆಯ ನಡುವಿಗೆ ಬಂದುಬಿಟ್ಟೆ. "ಆ ಖೋಲಿಗೆ ಮುಂಜಾನಿ ಬಿಸಲು ಯಾವ ಕಿಟಕಿಯಿಂದ ಬರ್ತದ, ಮೊದಲ ಅದನ್ನ ಹೇಳು." ಹುಡುಗಿ ಕೈಯಿಂದ ಗಾಳಿಯಲ್ಲಿ ಖೋಲಿಯ ನಕ್ಷೆ ಬರೆದು ತೋರಿಸತೊಡಗಿದಳು, ಇಲ್ಲಿ ಕಿಟಕಿ, ಇಲ್ಲಿ ತೊಟ್ಟಿಲು. ಆರತಿ ತಟ್ಟೆ ಹಿಡಿದ ಎದುರು ಮನೆಯಾಕೆ, "ಟೀಚರ್, ದೀಪ ಆರಾಕತ್ತೈತ್ರಿ," ಎಂದು ಹೇಳುತ್ತಲೇ ಇದ್ದಳು.